ಗಡಿ ಮುಚ್ಚಿದರೆ ಸಿಗುವುದು ದಿನಗಳು

ಸಾಂಕ್ರಾಮಿಕ ರೋಗ ಹಬ್ಬಿದಾಗ ರಾಜ್ಯದ ಗಡಿಯಲ್ಲಿ ರಸ್ತೆ ಸಂಚಾರ ತಡೆಯುವ ಬಗ್ಗೆ ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಸಾರ್ವಜನಿಕ ಆರೋಗ್ಯ, ಸರಕು ಸಾಗಣೆ, ಕಾನೂನು ಬಲ್ಲವರು ಉತ್ತರಿಸಿದ್ದಾರೆ.

ಪ್ರಶ್ನೆ: ನಮಗೆ ಆಂಧ್ರದ ರಾಯದುರ್ಗ ಮಗ್ಗುಲಲ್ಲೇ ಇದೆ. ಸಂತೆ, ಮದುವೆ, ಕೂಲಿ ಎಲ್ಲಕ್ಕೂ ಆ ಕಡೆ ಈ ಕಡೆ ಓಡಾಟ. ಕೊರೊನಾದಂಥ ರೋಗ ಮತ್ತೆ ಬಂದರೆ ಮೊದಲ ದಿನವೇ ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದರೆ ರೋಗ ನಿಲ್ಲುವುದಿಲ್ಲವೇ?
– ಓದುಗರು, ಮೊಳಕಾಲ್ಮುರು

ಉತ್ತರ: ನಿಲ್ಲುವುದಿಲ್ಲ, ತಡವಾಗುತ್ತದೆ. ಎಷ್ಟು ತಡ ಅನ್ನುವುದನ್ನು ಬೆರಳೆಣಿಸಿಯೇ ನೋಡಬಹುದು. ಗಡಿ ದಾಟಿ ಬರಬೇಕಿದ್ದ 10 ಸೋಂಕಿತರಲ್ಲಿ 9 ಮಂದಿಯನ್ನು ತಡೆದಿರಿ, ಒಬ್ಬರು ಒಳಗೆ ಬಂದರು ಎನ್ನೋಣ. ರೋಗ 3 ದಿನಕ್ಕೊಮ್ಮೆ ಇಮ್ಮಡಿಯಾಗುವಂಥದ್ದಾದರೆ ಆ ಒಬ್ಬರು 3ನೇ ದಿನಕ್ಕೆ 2, 6ನೇ ದಿನಕ್ಕೆ 4, 9ನೇ ದಿನಕ್ಕೆ 8 ಆಗುತ್ತಾರೆ. 10ನೇ ದಿನಕ್ಕೆ ನೀವು ತಡೆಯದೇ ಬಿಟ್ಟಿದ್ದರೆ ಎಲ್ಲಿಂದ ಶುರುವಾಗುತ್ತಿತ್ತೋ ಅಲ್ಲಿಗೇ ಬಂದು ನಿಂತಿರುತ್ತೀರಿ. ನೂರಕ್ಕೆ 90 ತಡೆದದ್ದಕ್ಕೆ ಸಿಕ್ಕಿದ್ದು 10 ದಿನ. 99 ತಡೆದರೂ 20 ದಿನ, ಅಷ್ಟೆ.

ಈಗ ಮಣ್ಣಿನ ಗುಡ್ಡೆಗೆ ಬನ್ನಿ. ಡಾಂಬರು ರಸ್ತೆ ಮುಚ್ಚಿದ ಮರುದಿನವೇ ಜನ ಬಂಡಿದಾರಿ, ಹೊಲದ ಬದು, ಒಣಗಿದ ಹಳ್ಳ ಹಿಡಿಯುತ್ತಾರೆ. ಹಾಗೆ ನುಸುಳುವವರಿಂದ ನಿಮ್ಮ ತಡೆ ನೂರಕ್ಕೆ 60ಕ್ಕೆ ಇಳಿದರೆ 10 ದಿನದ ಲಾಭ 4 ದಿನಕ್ಕೆ ಕುಸಿಯುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಚೆಕ್‌ಪೋಸ್ಟ್‌ನಲ್ಲಿ ಹಾದುಹೋದವರ ಹೆಸರು, ಊರು, ಫೋನ್ ನಂಬರು ನೋಂದಣಿಯಾಗಿರುತ್ತದೆ. ಅವರಿಗೆ ಜ್ವರ ಬಂದರೆ ಆಶಾ ಕಾರ್ಯಕರ್ತೆ ಮನೆ ಹುಡುಕಿಕೊಂಡು ಹೋಗಬಲ್ಲರು. ಹೊಲದ ದಾರಿಯಲ್ಲಿ ಬಂದವರು ಜ್ವರ ಬಂದರೂ ಹೇಳುವುದಿಲ್ಲ, ಕೇಸು ಹಾಕುತ್ತಾರೆಂಬ ಭಯ. ಆದ್ದರಿಂದ ಎಲ್ಲ ದಾರಿ ಮುಚ್ಚುವ ಬದಲು ಎರಡು ಮೂರು ದಾರಿ ತೆರೆದಿಟ್ಟು ಅಲ್ಲಿ ಹಗಲು ರಾತ್ರಿ ಸಿಬ್ಬಂದಿ ಕೂರಿಸುವುದೇ ಸರಿ.

ಇದೇ ಲೆಕ್ಕದ ಇನ್ನೊಂದು ಮಗ್ಗುಲು ಬಹಳ ಮುಖ್ಯ. ಮಾಸ್ಕ್, ಗಾಳಿಯಾಡುವ ಜಾಗ, ಸೋಂಕಿತರನ್ನು ಬೇಗ ಗುರುತಿಸುವುದು, ಇವುಗಳಿಂದ ಊರೊಳಗೆ ರೋಗ ಇಮ್ಮಡಿಯಾಗಲು 3 ದಿನದ ಬದಲು 10 ದಿನ ಹಿಡಿಯುವಂತೆ ಮಾಡಿದಿರಿ ಎನ್ನಿ. ಅದೇ ನೂರಕ್ಕೆ 90ರ ತಡೆಗೆ ಆಗ 33 ದಿನ ಸಿಗುತ್ತದೆ. ಒಳಗಿನ ಕೆಲಸ ಗಟ್ಟಿಯಿದ್ದಷ್ಟೂ ಗಡಿಯ ಕಾವಲಿಗೆ ಬೆಲೆ. ಒಳಗೆ ದಿನಕ್ಕೆ 500 ಹೊಸ ಪ್ರಕರಣ ಬರುತ್ತಿರುವಾಗ ಗಡಿಯಲ್ಲಿ 5 ಮಂದಿಯನ್ನು ಹಿಡಿಯಲು ನೂರು ಪೊಲೀಸರನ್ನು ನಿಲ್ಲಿಸುವುದು ವ್ಯರ್ಥ. ಆ ಸಿಬ್ಬಂದಿ ಆಸ್ಪತ್ರೆಗಳ ಕಡೆ ಹೋಗಬೇಕು.

ವುಹಾನ್ ನಗರವನ್ನು 2020ರ ಜನವರಿ 23ರಂದು ಮುಚ್ಚಿದಾಗ ಆದದ್ದೂ ಇದೇ. ಸೋಂಕು ಆಗಲೇ ಚೀನಾದ ಬೇರೆ ಊರುಗಳಿಗೆ ಹೋಗಿತ್ತು. ಮುಚ್ಚಿದ್ದರಿಂದ ಅಲ್ಲಿ 3ರಿಂದ 5 ದಿನವಷ್ಟೇ ತಡವಾಯಿತೆಂದು ಸಂಶೋಧಕರು ಅಂದಾಜು ಮಾಡಿದರು. ಹೊರದೇಶಗಳಿಗೆ ಹೋಗುವ ಸೋಂಕು ಮಾತ್ರ ಫೆಬ್ರವರಿ ಮಧ್ಯದವರೆಗೆ ನೂರಕ್ಕೆ 80ರಷ್ಟು ತಗ್ಗಿತು.

ಪ್ರಶ್ನೆ: ನಮ್ಮ ಲಾರಿಗಳು ಮೆಕ್ಕೆಜೋಳ, ಈರುಳ್ಳಿ ಹೇರಿಕೊಂಡು ಹೊರರಾಜ್ಯಕ್ಕೆ ಹೋಗುತ್ತವೆ. ಗಡಿ ಬಿಗಿಯಾದಾಗ ದಾರಿಯಲ್ಲೇ ದಿನಗಟ್ಟಲೆ ನಿಲ್ಲುವ ಪರಿಸ್ಥಿತಿ. ಡ್ರೈವರುಗಳು ಯಾವ ಕಾಗದ ಇಟ್ಟುಕೊಳ್ಳಬೇಕು? ಸಾಲು ಏಕೆ ಅಷ್ಟು ಬೆಳೆಯುತ್ತದೆ?
– ಲಾರಿ ಮಾಲೀಕರು, ದಾವಣಗೆರೆ

ಉತ್ತರ: ಸಾಲಿನ ಲೆಕ್ಕ ಮೊದಲು. ಗಂಟೆಗೆ 40 ಲಾರಿ ಬರುವ ಕಡೆ ಒಂದೇ ಸಾಲಿನಲ್ಲಿ ಒಂದೊಂದಕ್ಕೆ 4 ನಿಮಿಷ ಹಿಡಿದರೆ ಗಂಟೆಗೆ 15 ಮಾತ್ರ ದಾಟುತ್ತವೆ. 25 ಹಿಂದೆ ಉಳಿಯುತ್ತವೆ. ನಡುವಿನ ಜಾಗ ಸೇರಿ ಲಾರಿಗೆ 15 ಮೀಟರು ಹಿಡಿದರೆ ಸಾಲು ಗಂಟೆಗೆ 375 ಮೀಟರು ಬೆಳೆಯುತ್ತದೆ. 8 ಗಂಟೆಗೆ 200 ಲಾರಿ, 3 ಕಿಲೋಮೀಟರು. ಕೊನೆಯ ಡ್ರೈವರ್‌ಗೆ 13 ಗಂಟೆಗೂ ಮೀರಿದ ಕಾಯುವಿಕೆ. ಮೂರು ಸಾಲು ಮಾಡಿದರೆ ಗಂಟೆಗೆ 45 ದಾಟುತ್ತವೆ, ಸಾಲೇ ಕಟ್ಟುವುದಿಲ್ಲ. ಕೊರತೆ ಬರುವುದು ಹೆಚ್ಚಾಗಿ ಸಿಬ್ಬಂದಿಯದ್ದಲ್ಲ, ಮೇಜುಗಳದ್ದು. ಕಾಗದ ನೋಡುವ ಮೇಜು, ಜ್ವರ ನೋಡುವ ಮೇಜು, ಗಂಟಲು ದ್ರವ ತೆಗೆಯುವ ಮೇಜು ಒಂದೇ ಸಾಲಿನ ಮೇಲೆ ಕೂತರೆ ಎಲ್ಲಕ್ಕಿಂತ ನಿಧಾನವಾದ ಮೇಜೇ ಇಡೀ ರಸ್ತೆಯ ವೇಗವಾಗುತ್ತದೆ. ಪರೀಕ್ಷೆ ಬೇಕಾದವರನ್ನು ಬದಿಗೆ ಎಳೆದುಕೊಳ್ಳಲು ಲಾರಿ ನಿಲ್ಲುವಷ್ಟು ಜಾಗ ಬೇಕೇ ಬೇಕು. ಅಲ್ಲಿ ಕುಡಿಯುವ ನೀರು, ಶೌಚಾಲಯ, ನೆರಳು ಇಲ್ಲದಿದ್ದರೆ ಡ್ರೈವರುಗಳು ಒಂದೇ ಚಹಾ ಅಂಗಡಿ ಮುಂದೆ ಗುಂಪುಗೂಡುತ್ತಾರೆ. ರೋಗ ತಡೆಯಲು ನಿಲ್ಲಿಸಿದ ಜಾಗದಲ್ಲೇ ರೋಗ ಹಂಚಿಕೆಯಾಗುತ್ತದೆ.

ಕಾಗದದ ವಿಷಯ: ಚಾಲನಾ ಪರವಾನಗಿ, ಆರ್‌ಸಿ, ಬಿಲ್ಟಿ (ಸರಕು ಸಾಗಣೆಯ ರಸೀದಿ), ಇನ್‌ವಾಯ್ಸ್, ಇ-ವೇ ಬಿಲ್ (ಜಿಎಸ್‌ಟಿ ಪೋರ್ಟಲ್‌ನಲ್ಲಿ ಪಡೆಯುವ ಸರಕು ಸಾಗಣೆ ಚೀಟಿ). ಇ-ವೇ ಬಿಲ್ ಪ್ರತಿ 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕದಲ್ಲಿ ಚಾಲ್ತಿಯಲ್ಲಿರುತ್ತದೆ. ಸಾಲಿನಲ್ಲಿ ನಿಂತೇ ಅವಧಿ ಮುಗಿಯುವುದು ಸಾಮಾನ್ಯ. ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯೊಳಗೆ ಪೋರ್ಟಲ್‌ನಲ್ಲಿ ಕಾರಣ ಕೊಟ್ಟು ವಿಸ್ತರಿಸಿಕೊಳ್ಳಬಹುದು. ಆಮೇಲೆ ದಂಡವೇ ಗತಿ, ಹೀಗಾಗಿ ಆಫೀಸಿನಲ್ಲಿ ಒಬ್ಬರು ಗಡಿಯಾರ ನೋಡುತ್ತಿರಲಿ. 2020ರ ಏಪ್ರಿಲ್‌ನಲ್ಲಿ ಕೇಂದ್ರದ ಮಾರ್ಗಸೂಚಿ ಇಬ್ಬರು ಚಾಲಕರು, ಒಬ್ಬ ಸಹಾಯಕನಿದ್ದ ಸರಕು ಲಾರಿಗೆ ಚಾಲನಾ ಪರವಾನಗಿ ಇದ್ದರೆ ಸಾಕು ಎಂದಿತ್ತು. ಸರಕು ಇಳಿಸಿ ಖಾಲಿ ಮರಳುವ ಲಾರಿಗೂ ಅವಕಾಶ ಕೊಟ್ಟಿತ್ತು. ಖಾಲಿ ಲಾರಿ ವಾಪಸು ಬರದಿದ್ದರೆ ನಾಳೆಯ ಸರಕು ಹೇರಲು ಗಾಡಿಯೇ ಇರುವುದಿಲ್ಲ.

ಅಮೆರಿಕ ಮತ್ತು ಕೆನಡಾ 2020ರ ಮಾರ್ಚ್ 21ರಂದು ತಮ್ಮ ಭೂಗಡಿಯನ್ನು ಅನಗತ್ಯ ಪ್ರಯಾಣಕ್ಕೆ ಮುಚ್ಚಿದರೂ ಸರಕು ಲಾರಿಗಳನ್ನು ತಡೆಯಲಿಲ್ಲ. ಲಸಿಕೆ ಪಡೆದ ಪ್ರಯಾಣಿಕರಿಗೆ ಕೆನಡಾ 2021ರ ಆಗಸ್ಟ್ 9ರಂದು ಬಾಗಿಲು ತೆರೆಯಿತು, ಅಮೆರಿಕ ನವೆಂಬರ್ 8ರಂದು. ಒಂದೂವರೆ ವರ್ಷ ಮನುಷ್ಯರು ಕಾದರು, ಸರಕು ಕಾಯಲಿಲ್ಲ.

ಮಂಡಿಯಲ್ಲಿ ಡ್ರೈವರ್ ಕ್ಯಾಬಿನ್ ಬಿಟ್ಟು ಇಳಿಯದಿರಲಿ, ಕಾಗದದ ಫೋಟೋ ಫೋನಿನಲ್ಲೇ ಬರಲಿ, ಹಮಾಲರು ಹಿಂಬದಿಯಿಂದಲೇ ಇಳಿಸಲಿ. ಡ್ರೈವರ್ ಬದಲಾಯಿಸುವುದಾದರೆ ಎರಡೂ ಬಾಗಿಲು ತೆರೆದು ಗಾಳಿಯಾಡಲು ಬಿಟ್ಟು, ಸ್ಟೇರಿಂಗ್, ಗೇರು, ಹಿಡಿಕೆ ಒರೆಸಿ ಆಮೇಲೆ ಹತ್ತಬೇಕು. ಉಸಿರಿನಿಂದ ಹರಡುವ ರೋಗದಲ್ಲಿ ಲಾರಿಯ ಅಪಾಯ ಇರುವುದು ಮುಚ್ಚಿದ ಕ್ಯಾಬಿನ್ನಿನ ಗಾಳಿಯಲ್ಲಿ, ಹೊರಗಿನ ತಗಡಿನಲ್ಲಲ್ಲ. ಈರುಳ್ಳಿ ಹೇರಿದವರು ನಿಂತಾಗಲೆಲ್ಲ ತಾಡಪಾಲಿನ ಎರಡೂ ಬದಿ ಎತ್ತಿ ಕಟ್ಟಿ. ಒಳಗೆ ಕಾವು ಏರಿದರೆ ಕೆಳಗಿನ ಚೀಲಗಳು ಮೊದಲು ನೀರೊಡೆಯುತ್ತವೆ.

ಪ್ರಶ್ನೆ: ತಾಯಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್, ಆಂಧ್ರದ ಕಡೆಯ ಆಸ್ಪತ್ರೆಯಲ್ಲಿ. ಗಡಿ ಬಂದ್ ಆದರೆ ಏನು ಮಾಡುವುದು?
– ಓದುಗರು, ಪರಶುರಾಂಪುರ

ಉತ್ತರ: ಬಂದ್ ಆಗುವವರೆಗೆ ಕಾಯಬೇಡಿ. ಈಗಲೇ ವೈದ್ಯರಿಂದ ಒಂದು ಪುಟದ ಪತ್ರ ಬರೆಸಿಕೊಳ್ಳಿ: ರೋಗಿಯ ಹೆಸರು, ಕಾಯಿಲೆ, ವಾರದ ಯಾವ ದಿನ, ಎಷ್ಟು ಹೊತ್ತಿಗೆ, ಒಂದು ಸಲ ತಪ್ಪಿದರೆ ಏನಾಗುತ್ತದೆ. ಈ ಕೊನೆಯ ಸಾಲೇ ಚೆಕ್‌ಪೋಸ್ಟ್‌ನಲ್ಲಿ ಕೆಲಸ ಮಾಡುವುದು. ಮೂರು ಪ್ರತಿ ಇರಲಿ. ಜೊತೆಗೆ ಚಳ್ಳಕೆರೆ, ಚಿತ್ರದುರ್ಗ, ಬಳ್ಳಾರಿ ಕಡೆ ಡಯಾಲಿಸಿಸ್ ಇರುವ ಆಸ್ಪತ್ರೆಯಲ್ಲಿ ಹೆಸರು ಕೊಟ್ಟಿಡಿ. ಹೊಸ ಕಡೆ ಕೇಳುವುದು ಎಚ್‌ಐವಿ, ಹೆಪಟೈಟಿಸ್ ಬಿ, ಸಿ ವರದಿ, ಇತ್ತೀಚಿನ ರಕ್ತ ಪರೀಕ್ಷೆ, ಡಯಾಲಿಸಿಸ್ ಚೀಟಿ ಮತ್ತು ಒಣತೂಕ (ಮೈಯಲ್ಲಿ ಹೆಚ್ಚಿನ ನೀರು ಇಲ್ಲದಾಗಿನ ತೂಕ). ಇವು ಒಂದೇ ಫೈಲಿನಲ್ಲಿರಲಿ.

ಸರದಿ ಒಂದು ದಿನ ತಪ್ಪಿದರೆ ನೀರು, ಉಪ್ಪು ಇನ್ನೂ ಬಿಗಿ ಮಾಡಬೇಕು. ಎಳನೀರು, ಬಾಳೆಹಣ್ಣು, ಹಣ್ಣಿನ ರಸ ಕೊಡಲೇಬೇಡಿ. ಸುಸ್ತೆಂದು ಎಳನೀರು ಕುಡಿಸುವುದು ನಮ್ಮ ಕಡೆ ರೂಢಿ, ಆದರೆ ಅದರ ಪೊಟ್ಯಾಸಿಯಂ ಈ ರೋಗಿಗಳ ಹೃದಯ ನಿಲ್ಲಿಸಬಲ್ಲದು. ಉಸಿರು ಕಟ್ಟಿದರೆ, ಕೈಕಾಲು ಸೋತರೆ 108ಕ್ಕೆ ಕರೆ ಮಾಡಿ, ಗಡಿಯ ಚರ್ಚೆ ಆಮೇಲೆ.

2020ರ ಮಾರ್ಚ್‌ನಲ್ಲಿ ಕಾಸರಗೋಡಿನಿಂದ ಮಂಗಳೂರಿಗೆ ಬರಬೇಕಿದ್ದ ರೋಗಿಗಳಿಗೆ ತಲಪಾಡಿಯಲ್ಲಿ ದಾರಿ ಮುಚ್ಚಿತು. ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ದಾರಿ ತೆರೆಸಲು ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ತುರ್ತು ರೋಗಿಗಳನ್ನು ಬಿಡಲು ಒಪ್ಪಂದವಾಗಿ ಪ್ರಕರಣ ಮುಗಿದದ್ದು ಏಪ್ರಿಲ್ 7ಕ್ಕೆ. ಡಯಾಲಿಸಿಸ್ ರೋಗಿಗೆ ಅಷ್ಟು ದಿನ ಇರುವುದಿಲ್ಲ. ಗಡಿ ಮುಚ್ಚುವ ಆದೇಶದ ಮೊದಲ ಪುಟದಲ್ಲೇ ರೋಗಿಗಳ ದಾರಿ ಬರೆದಿರಬೇಕು.

ಪ್ರಶ್ನೆ: ಗಡಿ ಮುಚ್ಚುವ ಅಧಿಕಾರ ನಿಜಕ್ಕೂ ಯಾರದ್ದು? ಜಿಲ್ಲಾಧಿಕಾರಿ ಒಬ್ಬರೇ ಮಾಡಬಹುದೇ?
– ಕಾನೂನು ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಸಂವಿಧಾನದ ಕೇಂದ್ರ ಪಟ್ಟಿಯ 81ನೇ ನಮೂದು ರಾಜ್ಯ ರಾಜ್ಯಗಳ ನಡುವಿನ ವಲಸೆ ಮತ್ತು ಕ್ವಾರಂಟೈನ್ ಅನ್ನು ಕೇಂದ್ರಕ್ಕೆ ಕೊಟ್ಟಿದೆ. ರೋಗ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹರಡದಂತೆ ತಡೆಯುವುದು ಸಮವರ್ತಿ ಪಟ್ಟಿಯ 29ನೇ ನಮೂದಿನಲ್ಲಿದೆ. ಹಾಗಾಗಿ ಕೇಂದ್ರ, ರಾಜ್ಯ ಇಬ್ಬರಿಗೂ ಹಿಡಿತವಿದೆ. ಕರ್ನಾಟಕದ 2020ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಅಗತ್ಯವಿರುವಷ್ಟು ಅವಧಿಗೆ ಗಡಿ ಮುಚ್ಚುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಡುತ್ತದೆ. ಜಿಲ್ಲಾಧಿಕಾರಿ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 34ನೇ ಕಲಂ ಬಾಧಿತ ಪ್ರದೇಶಕ್ಕೆ ವಾಹನ, ಜನರ ಪ್ರವೇಶ ನಿಯಂತ್ರಿಸಲು ಪ್ರಾಧಿಕಾರಕ್ಕೆ ಅವಕಾಶ ಕೊಟ್ಟಿದೆ. ಆದರೆ ಮೇಲಿನವರ ಆದೇಶಕ್ಕೆ ಎದುರಾಗಿ ಅದು ನಿಲ್ಲುವುದಿಲ್ಲ. 2020ರ ಆಗಸ್ಟ್ 22ರಂದು ಕೇಂದ್ರ ಗೃಹ ಕಾರ್ಯದರ್ಶಿ, ಅಂತರರಾಜ್ಯ ಸಂಚಾರಕ್ಕೆ ಅಡ್ಡಿ ಮಾಡಬೇಡಿ ಎಂದು ಪತ್ರ ಬರೆದ ಮೇಲೆ ನಮ್ಮ ರಾಜ್ಯ, ಹೊರರಾಜ್ಯದಿಂದ ಬರುವವರಿಗಿದ್ದ ಸೇವಾ ಸಿಂಧು ಪೋರ್ಟಲ್ ನೋಂದಣಿಯನ್ನು ಕೈಬಿಟ್ಟಿತು.

ನಿಷೇಧಾಜ್ಞೆ ಹೊರಡಿಸುವ ಹಳೆಯ 144ನೇ ಕಲಂ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163, ಅಧಿಕಾರಿಯ ಆದೇಶ ಮೀರಿದವರಿಗೆ ಹಾಕುವ ಐಪಿಸಿಯ 188 ಈಗ ಭಾರತೀಯ ನ್ಯಾಯ ಸಂಹಿತೆಯ 223. ಎರಡೂ ಬದಲಾದದ್ದು 2024ರ ಜುಲೈ 1ರಿಂದ. ಹಳೆಯ ನಂಬರು ಬರೆದ ಆದೇಶ ಕಂಡರೆ ಕೇಳಬಹುದು. ಅದಕ್ಕಿಂತ ಮುಖ್ಯವಾಗಿ ಕೇಳಬೇಕಾದದ್ದು ಆದೇಶದಲ್ಲಿ ಕೊನೆಯ ದಿನಾಂಕ ಇದೆಯೇ ಎಂಬುದು. ದಿನಾಂಕವಿಲ್ಲದ ಆದೇಶವನ್ನು ಮರುಪರಿಶೀಲಿಸಲು ಯಾರಿಗೂ ನೆನಪಾಗುವುದಿಲ್ಲ.

ಪ್ರಶ್ನೆ: ಹರಿಹರದ ಹೊಳೆ ಒಂದು ಕಾಲಕ್ಕೆ ಗಡಿಯಾಗಿತ್ತಂತೆ. ಹಿಂದೆಯೂ ರೋಗಕ್ಕಾಗಿ ಗಡಿ ಕಾಯುತ್ತಿದ್ದರೇ?
– ಓದುಗರು, ಹರಿಹರ

ಉತ್ತರ: ಹೌದು, ತುಂಗಭದ್ರೆಯ ಈ ದಡ ಮೈಸೂರು ಸಂಸ್ಥಾನ, ಆ ದಡ ಮುಂಬಯಿ ಪ್ರಾಂತ್ಯ. 1898ರಲ್ಲಿ ಪ್ಲೇಗ್ ಹುಬ್ಬಳ್ಳಿ ಕಡೆಯಿಂದ ರೈಲು ಹಾದಿಯಲ್ಲಿ ಬೆಂಗಳೂರು ತಲುಪಿತು. ಆ ಹಾದಿ ಹರಿಹರ, ದಾವಣಗೆರೆ ದಾಟಿಯೇ ಹೋಗುತ್ತದೆ. ಪ್ಲೇಗನ್ನು ಇಲಿಯ ಚಿಗಟ ಹರಡುತ್ತದೆ ಎಂದು ಪಾಲ್ ಲೂಯಿ ಸಿಮಂಡ್ ತೋರಿಸಿದ್ದೂ ಅದೇ ವರ್ಷ. ಮನುಷ್ಯರನ್ನು ಇಳಿಸಿ ನೋಡಿದರೂ ಕಾಳಿನ ಚೀಲದ ಜೊತೆ ಬರುವ ಇಲಿಯನ್ನು ಯಾರೂ ನಿಲ್ಲಿಸುತ್ತಿರಲಿಲ್ಲ. ರೋಗ ಯಾವುದರ ಬೆನ್ನೇರಿ ಬರುತ್ತದೆ ಎಂದು ತಿಳಿಯುವ ಮೊದಲು ಹಾಕಿದ ಕಾವಲು ಹೀಗೆಯೇ ಸೋರುತ್ತದೆ.

ಯೂರೋಪಿನಲ್ಲಿ ಆಸ್ಟ್ರಿಯದ ಹ್ಯಾಬ್ಸ್‌ಬರ್ಗ್ ಅರಸರು ತುರ್ಕರ ಕಡೆಯ ಭೂಗಡಿಯಲ್ಲಿ ಬಹಳ ಕಾಲ ಪ್ಲೇಗ್ ಕಾವಲು ಇಟ್ಟಿದ್ದರು. 1770ರ ನಿಯಮದಂತೆ ರೋಗದ ಸುದ್ದಿ ಇಲ್ಲದಾಗ 21 ದಿನ, ಗುಲ್ಲೆದ್ದರೆ 42, ಖಚಿತವಾದರೆ 84 ದಿನ ಗಡಿಯಲ್ಲೇ ಇರಬೇಕಿತ್ತು. ಸುದ್ದಿಗೆ ತಕ್ಕಂತೆ ದಿನ ಏರಿಸುವ ಆ ಕ್ರಮ ಇಂದಿಗೂ ಒಳ್ಳೆಯ ಮಾದರಿ.

ಪ್ರಶ್ನೆ: ಬೆಂಗಳೂರು, ಕಾಫಿ ಎಸ್ಟೇಟುಗಳಿಗೆ ಗುಳೆ ಹೋದವರು ಒಟ್ಟಿಗೆ ಮರಳಿದರೆ ಶಾಲೆಯಲ್ಲಿ ಇರಿಸಿಕೊಳ್ಳಬೇಕಾಗುತ್ತದೆ. ಏನು ಎಚ್ಚರ ವಹಿಸಬೇಕು?
– ಗ್ರಾಮ ಪಂಚಾಯಿತಿ ಸದಸ್ಯೆ, ಹೊಸದುರ್ಗ ತಾಲೂಕು

ಉತ್ತರ: ಒಂದೇ ಮಾತು ಪಾಲಿಸಿದರೆ ಅರ್ಧ ಗೆದ್ದಂತೆ: ಇಂದು ಬಂದವರನ್ನು ನಿನ್ನೆ ಬಂದವರ ಕೋಣೆಗೆ ಸೇರಿಸಬೇಡಿ. 14 ದಿನದ ಕ್ವಾರಂಟೈನ್‌ನಲ್ಲಿ 12ನೇ ದಿನ ಹೊಸಬರೊಬ್ಬರು ಬಂದು ಮಲಗಿದರೆ ಆ ಕೋಣೆಯ ಎಲ್ಲರ ಎಣಿಕೆಯೂ ಮತ್ತೆ ಮೊದಲಿನಿಂದ. ಕೋಣೆ ಸಾಲದಿದ್ದರೆ ಗಾಳಿಯಾಡುವ ಬೇರೆ ಮನೆ, ತೋಟದ ಮನೆ ಮೇಲು. ಶೌಚಾಲಯವೂ ಗುಂಪಿಗೆ ಒಂದೊಂದು ಬೇರೆ. ಜ್ವರ ಬಂದವರನ್ನು ಅದೇ ದಿನ ಬೇರೆ ಮಾಡಿ. ನೆಗೆಟಿವ್ ವರದಿ ತಂದವರನ್ನು ನೇರ ಮನೆಗೆ ಬಿಡಬೇಡಿ. ಸೋಂಕು ತಗುಲಿದ ಮೊದಲ ಎರಡು ಮೂರು ದಿನ ಪರೀಕ್ಷೆ ನೆಗೆಟಿವ್ ಬರುವುದೇ ಹೆಚ್ಚು. ಬಂದ 5ರಿಂದ 7ನೇ ದಿನ ಇನ್ನೊಮ್ಮೆ ನೋಡಿದರೆ ನಿಜ ಗೊತ್ತಾಗುತ್ತದೆ. ದಿನಗೂಲಿ ನಿಂತವರಿಗೆ ರೇಷನ್ ಮೊದಲ ದಿನವೇ ಸಿಗಬೇಕು, ಇಲ್ಲದಿದ್ದರೆ ರಾತ್ರಿ ಗೋಡೆ ಹಾರಿ ಹೋಗುವುದನ್ನು ತಪ್ಪಿಸಲಾಗದು.

ಪ್ರಶ್ನೆ: ಗಡಿಯಲ್ಲಿ ಲಾರಿಗೆ, ಜನರ ಮೈಗೆ ಬ್ಲೀಚಿಂಗ್ ನೀರು ಸಿಂಪಡಿಸುವುದು ಸರಿಯೇ?
– ಓದುಗರು, ಚಳ್ಳಕೆರೆ

ಉತ್ತರ: ಮೈಗೆ ಖಂಡಿತ ಬೇಡ. ಕಣ್ಣು, ಚರ್ಮ, ಉಸಿರು ಉರಿಯುತ್ತದೆ, ಒಳಗಿನ ಸೋಂಕಿಗೆ ಏನೂ ಆಗುವುದಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯ 2020ರ ಏಪ್ರಿಲ್‌ನಲ್ಲೇ ಇದನ್ನು ಬೇಡವೆಂದಿತು. ಮೇಜು, ಹಿಡಿಕೆ ಒರೆಸಲು ಶೇ 5ರ ಹೈಪೋಕ್ಲೋರೈಟ್ ದ್ರಾವಣ 1 ಪಾಲು, ನೀರು 4 ಪಾಲು ಬೆರೆಸಿದರೆ ಶೇ 1ರ ದ್ರಾವಣ. ಅಂದಿನದನ್ನು ಅಂದೇ ಬಳಸಿ, ಆಸಿಡ್ ಜೊತೆ ಎಂದೂ ಸೇರಿಸಬೇಡಿ.

ಪ್ರಶ್ನೆ: ನಮ್ಮ ಕುರಿ ಹಿಂಡುಗಳು ಬೇಸಿಗೆಯಲ್ಲಿ ಮೇವಿಗಾಗಿ ಗಡಿಯಾಚೆ ಇರುತ್ತವೆ. ಬಂದ್ ಆದರೆ ಅಲ್ಲೇ ಸಿಕ್ಕಿಬೀಳುತ್ತೇವೆ.
– ಕುರಿಗಾಹಿ, ಧರ್ಮಪುರ, ಹಿರಿಯೂರು ತಾಲೂಕು

ಉತ್ತರ: ಹಿಂಡು ಬಯಲಲ್ಲಿರುತ್ತದೆ, ಜೊತೆಗೆ ಇಬ್ಬರು ಮೂವರು. ಉಸಿರಿನ ರೋಗದ ಮಟ್ಟಿಗೆ ಇವರಿಂದ ಅಪಾಯ ಬಹಳ ಕಡಿಮೆ. ಹೊರಡುವ ಮೊದಲು ಪಶು ಆಸ್ಪತ್ರೆಯಲ್ಲಿ ಕುರಿಗಳ ಎಣಿಕೆ, ಪಿಪಿಆರ್ (ಕುರಿ, ಮೇಕೆಗಳಿಗೆ ಬರುವ ಅಂಟುರೋಗ) ಲಸಿಕೆಯ ದಿನಾಂಕ ಬರೆದ ಚೀಟಿ ಪಡೆಯಿರಿ. ಪಂಚಾಯಿತಿಯಲ್ಲಿ ಜೊತೆಗಿರುವವರ ಹೆಸರು, ಫೋನು, ಹೋಗುವ ದಾರಿ ಬರೆಸಿ. ಬಂದ್ ಘೋಷಣೆಯಾದರೆ ನೀರಿರುವ ಕಡೆಯೇ ತಂಗಿ ಪಿಡಿಒಗೆ ಫೋನ್ ಮಾಡಿ. ಮರಳುವಾಗ ಊರೊಳಗೆ ಹೋಗದೆ ಹೊಲದಲ್ಲೇ ಹಟ್ಟಿ ಹಾಕಿ ದಿನ ಎಣಿಸಬಹುದು, ಮನೆಯವರು ಬುತ್ತಿಯನ್ನು ಬದುವಿನ ಮೇಲಿಟ್ಟು ಹೋಗಲಿ.