ಎಣ್ಣೆಯಲ್ಲಿ ಚದುರುವ ಕಜ್ಜಾಯಕ್ಕೆ

ದೀಪಾವಳಿ ಕಜ್ಜಾಯ ಎಣ್ಣೆಗೆ ಬಿಟ್ಟ ಕೂಡಲೇ ಚದುರಿ ಪುಡಿಪುಡಿಯಾಯಿತು ಅಂದಿರಿ. ಹೆಚ್ಚಾಗಿ ಇದು ಬೆಲ್ಲದ ಪಾಕದ್ದೇ ತಪ್ಪು. ಹದಕ್ಕೆ ಬರುವ ಮೊದಲೇ ಹಿಟ್ಟು ಸುರಿದಿರುತ್ತೀರಿ. ತಣ್ಣೀರಿನ ಬಟ್ಟಲಿಗೆ ಒಂದು ಹನಿ ಪಾಕ ಬಿಡಿ. ಕರಗದೆ ತಳದಲ್ಲಿ ಕೂರಬೇಕು, ಬೆರಳಲ್ಲಿ ಒಟ್ಟುಮಾಡಿದರೆ ಮೆತ್ತನೆ ಉಂಡೆಯಾಗಬೇಕು. ಬಟ್ಟಲಿಗೆ ಬಡಿದು ಟಣ್ ಅಂದರೆ ಪಾಕ ಮೀರಿತು, ಕಜ್ಜಾಯ ಕಲ್ಲೇ. 1 ಕೆಜಿ ಅಕ್ಕಿಗೆ 750 ಗ್ರಾಂ ಬೆಲ್ಲ ಸಾಕು. ಅಂಗಡಿಯ ಒಣ ಅಕ್ಕಿಹಿಟ್ಟಂತೂ ಬೇಡವೇ ಬೇಡ; ಅಕ್ಕಿ ನೆನೆಸಿ, ನೆರಳಲ್ಲಿ ಆರಿಸಿ, ಇನ್ನೂ ಪಸೆ ಇರುವಾಗಲೇ ಪುಡಿ ಮಾಡಿ ಜರಡಿ ಹಿಡಿಯಬೇಕು.

ಪಾಕದಲ್ಲಿ ಕಲಸಿ ಉಳಿದ ಹಿಟ್ಟು ಎಸೆಯಬೇಡಿ. ಅದಕ್ಕೆ ಮೇಲೆ ಹೇಳಿದಂಥ ಪಸೆ ಅಕ್ಕಿಹಿಟ್ಟು ಒಂದೆರಡು ಹಿಡಿ ಸೇರಿಸಿ ನಾದಿ, ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ಒಂದನ್ನೇ ತಟ್ಟಿ ಮಧ್ಯಮ ಉರಿಯಲ್ಲಿ ಬಿಟ್ಟು ನೋಡಿ. ಆಗಲೂ ಒಡೆದರೆ ಇನ್ನೊಂದು ಹಿಡಿ.