ಸ್ಲೈಡ್ ತುಂಬಾ ಅಕ್ಷರ, ಎದೆ ತುಂಬಾ ಭಯ

ನಾನು ಆಪ್ತಸಲಹೆಗಾರ್ತಿ. ಸೆಮಿನಾರ್ ಹತ್ತಿರ ಬಂತೆಂದರೆ ಎದುರು ನಿಂತು ಮಾತಾಡಲು ಹೆದರುವ ಮಕ್ಕಳು ನನ್ನ ಹತ್ತಿರ ಬಂದೇ ಬರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಹುಡುಗಿ ಇಳಕಲ್ ಕಡೆಯ ನೇಕಾರರ ಮನೆಯವಳು. ಬಾಗಲಕೋಟೆಯಲ್ಲಿ ಎಂ.ಕಾಂ. ಸೆಮಿನಾರ್ ಅಂದರೆ ಕೈ ನಡುಕ, ಹಿಂದಿನ ರಾತ್ರಿ ನಿದ್ದೆ ಇಲ್ಲ. ಅವಳ ವಿಷಯ ಇಳಕಲ್ ಸೀರೆಯ ಮಾರುಕಟ್ಟೆ.

ಎರಡನೇ ಭೇಟಿಗೆ ಲ್ಯಾಪ್‌ಟಾಪ್ ತರಲು ಹೇಳಿದೆ. ಒಂದೊಂದು ಸ್ಲೈಡಿನಲ್ಲೂ ಪುಟದಷ್ಟು ಬರಹ.

"ಇಷ್ಟೆಲ್ಲಾ ಯಾರಿಗೆ ಬರದಿ ತಂಗಿ?"

"ನನಗರಿ ಮೇಡಂ. ಮರತರ ನೋಡಿ ಓದಾಕ. ಗ್ವಾಡಿ ಕಡೆ ಹೊಳ್ಳಿ ನಿಂತರ ಮಂದಿ ಮಾರಿ ಕಾಣಂಗಿಲ್ಲಲ್ರಿ."

ಅವಳ ಕಷ್ಟವೆಲ್ಲ ಆ ಮಾತಿನಲ್ಲೇ ಇತ್ತು. ಲ್ಯಾಪ್‌ಟಾಪ್ ಮುಚ್ಚಿಸಿದೆ. "ಸೀರಿ ಒಡಲಿಗೆ ಸೆರಗು ಹೆಂಗ ಕೂಡಸ್ತಾರ, ಹೇಳು" ಅಂದೆ. ಎರಡೂ ಕೈ ಮೇಲೆತ್ತಿದಳು. ಈ ಬೆರಳು ಒಡಲಿನ ಹಾಸು, ಅಂದರೆ ಉದ್ದದ ಎಳೆ; ಈ ಬೆರಳು ಸೆರಗಿನ ಹಾಸು. "ಎಳಿಗೆ ಎಳಿ ಕುಣಿಕಿ ಹಾಕಿ ಕೂಡಸ್ತಾರ್ರಿ. ಭಾಳ ಹೊತ್ತ ಹಿಡಿತೈತಿ. ಆ ಕೂಲಿ ಮಾತ್ರ ರೇಟಿನ್ಯಾಗ ಯಾರೂ ಹಿಡಿಯಂಗಿಲ್ರಿ." ಕಣ್ಣು ನನ್ನ ಮೇಲೇ ಇತ್ತು. ಕೈ ನಡುಗಲಿಲ್ಲ.

"ಇದೇ ನಿನ್ನ ಮೊದಲನೇ ಸ್ಲೈಡ್" ಅಂದೆ. ಆ ಕುಣಿಕೆಯ ದೊಡ್ಡ ಫೋಟೊ. ಕೆಳಗೆ ಒಂದೇ ಸಾಲು: ಈ ಕೂಲಿ ಬೆಲೆಯಲ್ಲಿ ಸೇರಿಲ್ಲ.

ಉಳಿದದ್ದನ್ನು ಕೂತು ಸರಿಮಾಡಿದೆವು. ಒಂದು ಸ್ಲೈಡಿಗೆ ಒಂದೇ ವಿಚಾರ. ಅಕ್ಷರ 28 ಪಾಯಿಂಟಿಗಿಂತ ಸಣ್ಣದು ಬೇಡ. ಮರೆವಿನ ಭಯಕ್ಕೆ ಪ್ರೆಸೆಂಟರ್ ವ್ಯೂ ಇದೆ, ಟಿಪ್ಪಣಿ ಅವಳಿಗಷ್ಟೇ ಕಾಣುತ್ತದೆ. ಸ್ಲೈಡ್ ಶೋ ನಡುವೆ ಕೀಲಿಮಣೆಯ ಬಿ ಒತ್ತಿದರೆ ಪರದೆ ಕಪ್ಪಾಗುತ್ತದೆ, ಎಲ್ಲರೂ ಮಾತಿನ ಕಡೆ ತಿರುಗುತ್ತಾರೆ. 'ನುಡಿ' ಎಂಬ ಹಳೆಯ ಕನ್ನಡ ಫಾಂಟಿನಲ್ಲಿ ಮಾಡಿದ ಸ್ಲೈಡ್ ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರವಾಗಿಬಿಡಬಹುದು. ಹಾಗಾಗಿ ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿ, ಜೊತೆಗೊಂದು ಪಿಡಿಎಫ್ ಇಟ್ಟುಕೊಳ್ಳಲು ಹೇಳಿದೆ. ಮೊದಲ ಎರಡು ವಾಕ್ಯ ಮಾತ್ರ ಬಾಯಿಪಾಠ.

ಆಪ್ತಸಲಹೆಗಾರ್ತಿಗೆ ಸ್ಲೈಡಿನ ಉಸಾಬರಿ ಯಾಕೆ, ಉಸಿರಾಟ ಕಲಿಸಿ ಕಳಿಸಿದರೆ ಸಾಕಲ್ವಾ ಅಂತ ಗೆಳತಿಯೊಬ್ಬರು ಕೇಳಿದರು. ಉಸಿರಾಟವನ್ನೂ ಕಲಿಸಿದೆ. ಆದರೆ ಭಯ ತಪ್ಪಿಸಿಕೊಳ್ಳಲು ನಾವು ಹೂಡುವ ಉಪಾಯವೇ ಭಯವನ್ನು ಉಳಿಸುತ್ತದೆ. ಗೋಡೆ ನೋಡಿ ಓದುವವಳಿಗೆ ಎದುರಿನ ಮುಖಗಳು ತನ್ನನ್ನು ನುಂಗುವುದಿಲ್ಲ ಅಂತ ಗೊತ್ತಾಗುವುದೇ ಇಲ್ಲ. ಬರಹ ತೆಗೆದರೆ ಅವಳು ಈ ಕಡೆ ತಿರುಗಲೇಬೇಕು. ಕೇಳುವವರಿಗೂ ಕಷ್ಟವೇ. ಓದುತ್ತಾ ಕೇಳಲು ಹೋಗಿ ಎರಡೂ ಅರ್ಧಂಬರ್ಧ ಆಗುತ್ತವೆ.

ಸೆಮಿನಾರ್ ದಿನ ಶುರುವಿನಲ್ಲಿ ದನಿ ನಡುಗಿತಂತೆ. ಕುಣಿಕೆಯ ಫೋಟೊ ಬಂದ ಮೇಲೆ ಸರಿಹೋಯಿತಂತೆ. ಆದರೂ ಒಬ್ಬ ಉಪನ್ಯಾಸಕರು "ಸ್ಲೈಡಿನಾಗ ಏನೂ ಬರದೇ ಇಲ್ಲಲ್ಲ" ಅಂದರಂತೆ. ಅಂಕ ಕೊಡುವವರಲ್ಲಿ ನನ್ನದೊಂದು ವಿನಂತಿ: ಅಕ್ಷರ ಕಮ್ಮಿ ಇದೆ ಅಂತ ಅಂಕ ಕಡಿಯಬೇಡಿ. ಓದಿಕೊಂಡಿದ್ದಾರಾ ಅನ್ನೋದು ಎರಡು ಪ್ರಶ್ನೆ ಕೇಳಿದರೆ ತಿಳಿಯುತ್ತದೆ.