ಪ್ಲೇಟಿನ ಮಷಿನ್ ಬ್ಯಾಡ್ರಿ ಅಕ್ಕಾ, ಮೊದಲು ನಿಮ್ಮೂರ ಬೇವಿನ ಮರ ಎಣಿಸ್ರಿ

ಅಕ್ಕಾ, ನಿಮ್ಮ ಪ್ರಶ್ನಿ ನಿನ್ನಿ ರಾತ್ರಿ ಓದಿದೆ. ಜೇವರ್ಗಿ ತಾಲ್ಲೂಕಿನ ಊರು, ಸಂಘದಾಗ ಹತ್ತು ಮಂದಿ ಹೆಣ್ಣಮಕ್ಕಳು, ಕೈಯಾಗ 60 ಸಾವಿರ ಉಳಿತಾಯ. ನೆಲಕ್ಕ, ನೀರಿಗ ಕೇಡು ಮಾಡಲಾರದಂಥ ಸಣ್ಣ ವ್ಯಾಪಾರ ಸುರು ಮಾಡಬೇಕು, ಪೇಪರ್ ಪ್ಲೇಟಿನ ಮಷಿನ್ ತಗೊಂಡ್ರ ಹ್ಯಾಂಗ ಅಂತ ಕೇಳೀರಿ. ಗುಂಪಿನಾಗ ಭಾಳ ಮಂದಿ ತಗೋರಿ ಅಂದಾರ. ನಾ ಬ್ಯಾಡ ಅಂತೀನಿ. ಬ್ಯಾಡ ಅಂದು ಸುಮ್ಮನಾದ್ರ ತಪ್ಪಾಗ್ತದ, ಅದಕ್ಕ ಉದ್ದ ಬರೀತೀನಿ. ನಮ್ಮದು ಚಿತ್ತಾಪುರ ತಾಲ್ಲೂಕು. ನಾನೂ ನಮ್ಮ ನೆಗೆಣ್ಣಿನೂ ಓಣಿಯ ನಾಕು ಮಂದಿನ ಕೂಡಿಸಿಕೊಂಡು ಬೇವಿನ ಬೀಜದ ಕೆಲಸ ಹಿಡದು ಆರು ವರ್ಷ ಆಯ್ತು.

ಪ್ಲೇಟಿನ ಮಾತು ಬೇಗ ಮುಗಿಸ್ತೀನಿ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಒಗಿಯೋ ಪ್ಲಾಸ್ಟಿಕ್ ಪ್ಲೇಟು, ಗ್ಲಾಸು, ಚಮಚ ದೇಶದಾಗೆಲ್ಲಾ ಬಂದ್ ಆದ್ವು. ಆಗಿಂದ ಮಷಿನ್ ಮಾರೋರು ಊರೂರು ತಿರಗ್ಯಾಡ್ತಾರ. "ನೀವು ಮಾಡಿದ ಮಾಲು ನಾವೇ ತಗೋತೀವಿ" ಅಂತಾರ. ನಮ್ಮ ಸಂಬಂಧಿಕರೊಬ್ಬರು ಆ ಮಾತು ನಂಬಿ ಮಷಿನ್ ತಂದ್ರು. ಎರಡನೇ ಲೋಡಿನ ಹೊತ್ತಿಗ ಫೋನೇ ಎತ್ತಲಿಲ್ಲ. ಇನ್ನೊಂದು ಮಾತು, ಸಾರು ಸೋರಬಾರದು ಅಂತ ಆ ಹಾಳಿ ಮ್ಯಾಲ ತೆಳ್ಳಗ ಪ್ಲಾಸ್ಟಿಕ್ ಪದರ ಕೂಡಿಸಿರ್ತಾರ. ಅದು ತಿಪ್ಪಿಯಾಗ ಕೊಳಿಯಂಗಿಲ್ಲ, ದನ ತಿಂದ್ರ ಹೊಟ್ಟಿಯಾಗ ಕೂಡ್ತದ. ಹಾಳಿ ಹೊರಗಿಂದು, ಮಷಿನ್ ಹೊರಗಿಂದು, ಕೊಳ್ಳೋರು ಯಾರಂತ ಗೊತ್ತಿಲ್ಲ. ನಿಮ್ಮ ಕೈಯಾಗ ಉಳಿಯೋದು ಕರೆಂಟ್ ಬಿಲ್ಲು ಒಂದೇ.

ಈಗ ನಿಮ್ಮೂರ ಕಡಿ ನೋಡ್ರಿ. ಹೊಲದ ಬದುವಿನಾಗ, ಗುಡಿ ಮುಂದ, ಹಳ್ಳದ ದಂಡಿಗ ಎಷ್ಟು ಬೇವಿನ ಮರ ಅವ? ಮಿರ್ಗ ಹಿಡದು ಪುನರ್ವಸು ಮಳಿ ತನಕ ಹಣ್ಣು ಉದುರಿ ಕಾಲಾಗ ತುಳಿದು ಹೋಗ್ತಾವ. ಶೀಗಿ ಹುಣ್ಣಿಮಿ ಹೊತ್ತಿಗ ಅದೇ ಊರಿನ ತೊಗರಿ ಹೂವಿಗ ಬರ್ತದ, ಹಸಿರು ಹುಳ ಬೀಳ್ತದ, ಎಲ್ಲಾರೂ ಎಣ್ಣಿ (ಹುಳದ ಔಷಧ) ಅಂಗಡಿ ಮುಂದ ನಿಂದರ್ತಾರ. ಆ ಹುಳಕ್ಕ ಬೇವಿನ ಬೀಜದ ಕಷಾಯನೂ ಹೊಡೀತಾರ. ಬೀಜ ಜೂನ್-ಜುಲೈದಾಗ ಉದುರ್ತದ, ಬೇಕಾಗೋದು ಅಕ್ಟೋಬರ್-ನವೆಂಬರ್‌ದಾಗ. ನಡುವಿನ ಮೂರು-ನಾಕು ತಿಂಗಳು ಆ ಬೀಜ ಕೆಡದಂಗ ಯಾರು ಇಟಗೋತಾರ ಅವ್ರದೇ ವ್ಯಾಪಾರ. ಆರಿಸೋದು ಎಲ್ಲಾರಿಗೂ ಬರ್ತದ. ಇಟ್ಟು ಕಾಯೋದು ಬರಬೇಕು.

ಲೆಕ್ಕ ಹೇಳ್ತೀನಿ, ಬರದಿಟಗೋರಿ. ತೊಗರಿ ಕಾಯಿಕೊರಕಕ್ಕ, ಅಂದ್ರ ಆ ಹಸಿರು ಹುಳಕ್ಕ, ಕೃಷಿ ವಿಶ್ವವಿದ್ಯಾಲಯದವರು ಹೇಳೋ ಬೇವಿನ ಕಷಾಯ 5%ದು. ಅಂದ್ರ 100 ಲೀಟರ್ ನೀರಿಗ 5 ಕಿಲೋ ತಿರುಳಿನ ಪುಡಿ. ಹೂವಿಗ ಬಂದ ತೊಗರಿ ಎಕರೆಕ್ಕ 200 ಲೀಟರ್ ಕುಡೀತದ, ಹಂಗಾಗಿ 10 ಕಿಲೋ ತಿರುಳು. ನಮ್ಮ ತೂಕದ ಪ್ರಕಾರ ನಾಕು ಕಿಲೋ ಹಣ್ಣಿಗ ಒಂದು ಕಿಲೋ ಒಣ ಬೀಜ ಸಿಗ್ತದ, ಚಿಪ್ಪ ತಗದ್ರ ಒಂದು ಕ್ವಿಂಟಲ್ ಹಣ್ಣಿಗ ತಿರುಳು ಹತ್ತು ಕಿಲೋ ಆಸುಪಾಸು. ದೊಡ್ಡ ಮರ ಒಂದು ಹಂಗಾಮಿಗ 30ರಿಂದ 50 ಕಿಲೋ ಹಣ್ಣು ಬಿಡ್ತದ. ಅಂದ್ರ ಎರಡು-ಮೂರು ಮರ ಕೂಡಿದ್ರ ಒಂದು ಎಕರೆಕ್ಕ ಒಂದು ಸಲ ಹೊಡಿಯೋವಷ್ಟು ಬೀಜ. ಅದಕ್ಕೇ ಮೊದಲು ಮರ ಎಣಿಸ್ರಿ ಅಂದೆ. 60 ಮರ ನಿಮ್ಮ ಕೈಗ ಸಿಕ್ಕ್ರ ಸುಮಾರು 24 ಕ್ವಿಂಟಲ್ ಹಣ್ಣು, ಆರು ಕ್ವಿಂಟಲ್ ಬೀಜ.

ಮರದ ಕೆಳಗ ತಾಡಪತ್ರಿ ಹಾಸಿ ಟೊಂಗಿ ಅಲ್ಲಾಡಿಸಿದ್ರ ಒಬ್ಬಾಕಿ ದಿನಕ್ಕ 60 ಕಿಲೋ ಹಣ್ಣು ಕೂಡಿಸ್ತಾಳ. ಬಡಿಗಿಲೆ ಬಡೀಬ್ಯಾಡ್ರಿ, ಮುಂದಿನ ವರ್ಷದ ಚಿಗುರು ಮುರದು ಹೋಗ್ತದ. ಹಳದಿ ತಿರಗಿದ ಹಣ್ಣು, ಅವತ್ತೇ ಉದುರಿದ್ದು, ಹಕ್ಕಿ-ಬಾವಲಿ ತಿಂದು ಉಗುಳಿದ ಬೀಜ, ಈ ಮೂರೂ ನಡೀತಾವ. ಮೂರು ದಿನ ಕೆಸರಾಗ ಬಿದ್ದು ಕರ್ರಗಾದದ್ದು ಮುಟ್ಟಬ್ಯಾಡ್ರಿ. ತುದಿ ಟೊಂಗಿಯ ಹಣ್ಣು ಬಿಟ್ಟುಬಿಡ್ರಿ, ಅದು ಹಕ್ಕಿಗಳ ಪಾಲು. ಮುಂದಿನ ಬೇವಿನ ಸಸಿ ಹಚ್ಚೋವೂ ಅವೇ.

ಈಗ ಮುಖ್ಯ ಕೆಲಸಕ್ಕ ಬರ್ತೀನಿ. ಇಲ್ಲೇ ನಾವು ಮೊದಲ ವರ್ಷ ಕೆಟ್ಟ್ವಿ. ಆರಿಸಿದ ಹಣ್ಣು ಹಂಗೇ ಎರಡು ದಿನ ಗುಡ್ಡಿ ಹಾಕಿದ್ವಿ, ಒಳಗ ಕಾವು ಬಂತು. ಆಮ್ಯಾಲ ಅರೆಬರೆ ಒಣಗಿಸಿ ಗೊಬ್ಬರದ ಪ್ಲಾಸ್ಟಿಕ್ ಚೀಲದಾಗ ತುಂಬಿ ಬಾಯಿ ಹೊಲದ್ವಿ. ದಸರೆದಾಗ ಬಿಚ್ಚಿ ನೋಡಿದ್ರ ಹಸಿರು ಬೂಸ್ಟು. ಬೂಸ್ಟಿನ ಬೀಜದಾಗ ಅಫ್ಲಾಟಾಕ್ಸಿನ್ ಅನ್ನೋ ವಿಷ ಹುಟ್ಟಬಹುದು, ಅದನ್ನ ಯಾರಿಗೂ ಮಾರೋಹಂಗಿಲ್ಲ. ನಾಕು ಕ್ವಿಂಟಲ್ ಪೂರಾ ಹೋಯ್ತು. ನಮ್ಮ ನೆಗೆಣ್ಣಿ ಅವತ್ತು ಅತ್ತಿದ್ದು ನನಗ ಇನ್ನೂ ನೆನಪದ.

ಅದಕ್ಕ ಈಗ ಹಿಂಗ ಮಾಡ್ತೀವಿ. ಆರಿಸಿದ ದಿನವೇ ಡ್ರಮ್ಮಿನಾಗ ನೀರು, ಒಂದು ಪುಟ್ಟಿ ಉಸುಕು ಹಾಕಿ ತಿಕ್ಕಿ ತೊಳೀತೀವಿ. ರಸ, ಸಿಪ್ಪಿ ಬಿಟ್ಟು ಬೀಜ ಬೆಳ್ಳಗಾಗ್ತದ. ತೇಲಿದ ಜೊಳ್ಳು ತಗದು ಹಾಕ್ತೀವಿ. ಆ ಸಿಪ್ಪಿ ತಿಪ್ಪಿಗ ಹೋಗ್ತದ, ಒಳ್ಳೆ ಗೊಬ್ಬರ. ಬೀಜ ಒಣಗಿಸೋದು ನೆರಳಾಗ. ಬಿಸಲಿಗ ಇಟ್ರ ಬೇಗ ಒಣಗ್ತದ ಖರೆ, ಆದ್ರ ಹುಳಕ್ಕ ಬ್ಯಾಸರ ತರೋ ಅಜಾಡಿರಾಕ್ಟಿನ್ ಅನ್ನೋ ಅಂಶ ಬಿಸಲಿಗ ಸಾಯ್ತದ. ನಾವು ಪಡಸಾಲಿ ಶಾಬಾದಿ ಫರಸಿ ಮ್ಯಾಲ ಎರಡು ಬೆರಳು ದಪ್ಪ ಹರವಿ, ದಿನಕ್ಕ ಮೂರು ಸಲ ಕೈಯಾಡಿಸ್ತೀವಿ. ಮಳಿಗಾಲ, ಹವಾ ಹಸಿ ಇರ್ತದ, ಎಂಟು-ಹತ್ತು ದಿನ ಹಿಡೀತದ. ಬೀಜ ಅಲ್ಲಾಡಿಸಿದ್ರ ಗಿಲಿಗಿಲಿ ಅನ್ನಬೇಕು, ಒಡದ್ರ ತಿರುಳು ಚಟಕ್ಕನ ಮುರೀಬೇಕು. ತುಂಬೋದು ಸೆಣಬಿನ ಗೋಣಿಚೀಲದಾಗ, ಗಾಳಿ ಆಡಬೇಕು. ಚೀಲ ನೆಲಕ್ಕ ತಾಕದಂಗ ಕಟಗಿ ಮ್ಯಾಲ ಇಡ್ರಿ, ಗ್ವಾಡಿಯಿಂದ ಒಂದು ಗೇಣು ದೂರ. ತಿಂಗಳಿಗೊಮ್ಮೆ ಪ್ರತಿ ಚೀಲದಿಂದ ಇಪ್ಪತ್ತು ಬೀಜ ಒಡದು ನೋಡ್ರಿ. ತಿರುಳು ಹಸಿರು-ಹಳದಿ ಇದ್ರ ಛಲೋ. ಕಂದು ತಿರಗಿದ್ರ ಆ ಚೀಲ ಬ್ಯಾರೆ ಇಡ್ರಿ.

ಪುಡಿ ಮಾಡಿ ಮಾರಬೇಕು ಅನ್ನಿಸ್ತದ. ಮೊದಲ ವರ್ಷ ಬ್ಯಾಡ. ಜೋಳದ ಗಿರಣಿಯವ್ರು ಬೇವು ಹಾಕಾಕ ಬಿಡಂಗಿಲ್ಲ, ಬಿಡಬಾರದು ಸುದ್ದ, ಊರ ಹಿಟ್ಟೆಲ್ಲಾ ಕಹಿ ಆಗ್ತದ. ಪುಡಿ ಆದ ಮ್ಯಾಲ ಶಕ್ತಿನೂ ಬೇಗ ಹೋಗ್ತದ. ಬೀಜನೇ ಮಾರ್ರಿ, ಕುಟ್ಟೋದು ತೋರಿಸಿಕೊಡ್ರಿ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಬಾಟ್ಲಿ, ಪ್ಯಾಕೆಟ್ ಮಾಡಿ "ಹುಳ ಸಾಯ್ತದ" ಅಂತ ಬರದು ಮಾರಾಕ ಹೋಗಬ್ಯಾಡ್ರಿ. ಹಂಗ ಮಾರಿದ್ರ ಅದು ಕೀಟನಾಶಕ ಆಗ್ತದ, 1968ರ ಕೀಟನಾಶಕ ಕಾಯ್ದೆ ಕೆಳಗ ನೋಂದಣಿ, ಲೈಸೆನ್ಸ್ ಎಲ್ಲಾ ಬೇಕು. ಬೇವಿನ ಹಿಂಡಿ ಗೊಬ್ಬರ ಅಂತ ಚೀಲಕ್ಕ ಹೆಸರು ಹಾಕಿ ಮಾರೋದಾದ್ರ 1985ರ ರಸಗೊಬ್ಬರ ನಿಯಂತ್ರಣ ಆದೇಶ ನೋಡಬೇಕು. ಆ ಕಡಿ ಹೋಗೋ ಮುಂಚೆ ರೈತ ಸಂಪರ್ಕ ಕೇಂದ್ರದಾಗ ಕೇಳ್ರಿ. ಸ್ವಚ್ಛ ಬೇವಿನ ಬೀಜ, ಇಷ್ಟು ಕಿಲೋ, ಇಂಥಾ ತಿಂಗಳು ಆರಿಸಿದ್ದು, ಇಷ್ಟೇ ಬರೀರಿ. ಮರದ ವಿಷಯನೂ ಹಂಗೇ. ಹೊಲದ ಮರ ಆದ್ರ ಹೊಲದವರಿಗ ಕೇಳ್ರಿ, ಬದಲಿಗ ನಾಕು ಕಿಲೋ ಬೀಜ ಕೊಡ್ರಿ. ರಸ್ತೆ ಬದಿ ಮರ ಇದ್ರ ಅರಣ್ಯ ಇಲಾಖೆ, ಪಂಚಾಯ್ತಿ ಎರಡೂ ಕಡಿ ಕೇಳದೇ ಹೋಗಬ್ಯಾಡ್ರಿ. ಒಂದೇ ಓಣಿ ಮರ ನಂಬಬ್ಯಾಡ್ರಿ, ಟೊಂಗಿ ತುದಿ ಒಣಗೋ ರೋಗ ಬಿದ್ದ ವರ್ಷ ಹಣ್ಣೇ ಹಿಡಿಯಂಗಿಲ್ಲ.

ರೇಟಿನ ಮಾತು. ನರೇಗಾ ಕೂಲಿ 2025-26ರಾಗ ದಿನಕ್ಕ 370 ರೂಪಾಯಿ ಇತ್ತು. ನಿಮ್ಮ ಹೆಣ್ಣಮಕ್ಕಳಿಗ ಅದಕ್ಕಿಂತ ಕಡಿಮಿ ಬೀಳಬಾರದು. 60 ಕಿಲೋ ಹಣ್ಣಿಗ 15 ಕಿಲೋ ಬೀಜ, ಆರಿಸೋ ಕೂಲಿನೇ ಕಿಲೋಕ್ಕ 25 ರೂಪಾಯಿ ಆಯ್ತು. ತೊಳಿಯೋದು, ಒಣಗಿಸೋದು, ಚೀಲ, ಗಾಡಿ ಬಾಡಿಗಿ ಕೂಡಿಸಿದ್ರ 40ಕ್ಕಿಂತ ಕೆಳಗ ಮಾರಬ್ಯಾಡ್ರಿ. ಎಣ್ಣಿ ಗಾಣದ ವ್ಯಾಪಾರಿ ಬಂದು ಕಡಿಮಿಗ ಕೇಳ್ತಾನ, ಕೇಳಲಿ. ಉಳಿದ ಮಾಲು ಕಡೀಗ ಅವನಿಗ ಕೊಟ್ರ ಆಯ್ತು. ಆರು ಕ್ವಿಂಟಲ್ ಪೂರಾ ಹೋದ್ರ 24 ಸಾವಿರ, ಅದರಾಗ ಆರಿಸೋ ಕೂಲಿ 40 ಆಳಿಂದು 14,800. ಹತ್ತು ಮಂದಿ ಮನಿ ಇದರ ಮ್ಯಾಲ ನಡಿಯಂಗಿಲ್ಲ, ಅದನ್ನ ಮುಚ್ಚಿಡಂಗಿಲ್ಲ. ಆದ್ರ ಹಾಕೋ ಬಂಡವಾಳ ತಾಡಪತ್ರಿ, ಎರಡು ಡ್ರಮ್ಮು, ತಕ್ಕಡಿ, ಗೋಣಿಚೀಲ, ಇಷ್ಟೇ. ನಿಮ್ಮ 60 ಸಾವಿರದಾಗ 15 ಸಾವಿರ ಮುಟ್ರಿ, ಉಳಿದದ್ದು ಬ್ಯಾಂಕಿನಾಗೇ ಇರಲಿ. ಸಾಲ ಬ್ಯಾಡೇ ಬ್ಯಾಡ. ಕೆಲಸ ಕೈಗ ಕುಂತ ಮ್ಯಾಲ ಮುಂದಿನ ವರ್ಷ ಸುತ್ತಲಿನ ಮೂರು ಊರಿನ 200 ಮರ ಹಿಡೀರಿ. ಸಣ್ಣ ವ್ಯಾಪಾರಕ್ಕ ಸರ್ಕಾರದ ಉದ್ಯಮ್ ನೋಂದಣಿ ಪುಕ್ಕಟೆ, ಅದಕ್ಕ ಯಾರಿಗೂ ರೊಕ್ಕ ಕೊಡಬ್ಯಾಡ್ರಿ. ವರ್ಷದ ವ್ಯಾಪಾರ 40 ಲಕ್ಷ ದಾಟೋ ತನಕ ಜಿಎಸ್‌ಟಿ ಚಿಂತಿನೂ ಇಲ್ಲ.

ಕೊಳ್ಳೋರಿಗ ಖರೆ ಹೇಳ್ರಿ. ಇದು ಹೊಡದ ಗಳಿಗ್ಯಾಗ ಹುಳ ಬೀಳೋ ಔಷಧ ಅಲ್ಲ. ಪತಂಗ ತತ್ತಿ ಇಡೋದು ಕಡಿಮಿ ಆಗ್ತದ, ಸಣ್ಣ ಮರಿ ತಿನ್ನೋದು ಬಿಡ್ತದ. ಬೆರಳು ಗಾತ್ರ ಬೆಳದ ಹುಳಕ್ಕ ಏನೂ ಆಗಂಗಿಲ್ಲ. ಅದಕ್ಕ ಹೂ ಸುರು ಆದ ಕೂಡ್ಲೇ ಮೊದಲ ಸಲ ಇದನ್ನ ಹೊಡೀರಿ ಅಂತ ಹೇಳ್ರಿ. ಮಾಡೋ ರೀತಿ ಒಂದು ಚೀಟಿಯಾಗ ಬರದು ಚೀಲದ ಕೂಡ ಕೊಡ್ರಿ: 5 ಕಿಲೋ ತಿರುಳು ಕುಟ್ಟಿ, 10 ಲೀಟರ್ ನೀರಾಗ ರಾತ್ರಿಯೆಲ್ಲಾ ನೆನಿಸಿ, ಅರಿವ್ಯಾಗ ಕಟ್ಟಿ ಹಾಲಿನಂಥ ನೀರು ಬರೋದು ನಿಲ್ಲೋ ತನಕ ಹಿಂಡಿ, ಸೋಸಿ, 200 ಗ್ರಾಂ ಸಾಬೂನು ಪುಡಿ ಕಲಸಿ, 100 ಲೀಟರ್ ಮಾಡಿ ಅವತ್ತೇ ಹೊಡೀಬೇಕು. ಸಂಜಿ ನಾಕರ ಮ್ಯಾಲ. ಬಿಸಲೂ ಇಳದಿರ್ತದ, ಹೂವಿನ ಮ್ಯಾಲಿನ ಜೇನೂ ಕಡಿಮಿ ಆಗಿರ್ತಾವ. ನಮ್ಮ ತೊಗರಿಗ 2019ರಾಗ ಗುಲ್ಬರ್ಗಾ ತೊಗರಿ ಬ್ಯಾಳಿ ಅಂತ ಭೌಗೋಳಿಕ ಗುರುತು ಸಿಕ್ಕದ. ಆ ಹೆಸರಿನ ಬ್ಯಾಳಿ ಮ್ಯಾಲ ಒಂದು ಸಲದ ವಿಷ ಕಡಿಮಿ ಬಿದ್ರೂ ನನಗ ಭಾಳ ಸಮಾಧಾನ.

ಉದ್ರಿ ಕೊಡಬ್ಯಾಡ್ರಿ ಅಂತ ಹೇಳಾಕ ಮನಸ್ಸದ, ಆದ್ರ ನಮ್ಮ ಕಡಿ ಉದ್ರಿ ಇಲ್ಲದ ವ್ಯಾಪಾರ ನಡಿಯಂಗಿಲ್ಲ. ಅರ್ಧ ರೋಖ, ಅರ್ಧ ಎಳ್ಳ ಅಮಾಸಿ ಆದ ಮ್ಯಾಲ ತೊಗರಿ ಮಾರಿದಾಗ. ವಹಿಯಾಗ ಸಹಿ ಹಾಕಿಸಿಕೊಳ್ರಿ, ಕಾಕಾ ಇರಲಿ ಮಾಮಾ ಇರಲಿ.

ಮಿರ್ಗ ಕೂಡಾಕ ಇನ್ನೂ ಹೊತ್ತದ. ಈ ವಾರ ನಿಮ್ಮ ಹತ್ತು ಮಂದಿ ಎರಡು ದಿನ ತಿರಗ್ಯಾಡಿ ಮರ ಎಣಿಸ್ರಿ, ಯಾರ ಹೊಲದ್ದು ಅಂತ ಬರೀರಿ. ಹಂಗೇ ಹತ್ತು ಮಂದಿ ತೊಗರಿಯವ್ರನ್ನ ಕೇಳ್ರಿ, ಒಂದು ಎಕರೆಕ್ಕ ತಗೋತೀರೇನು ಅಂತ. ಐದು ಮಂದಿ ಹೂಂ ಅಂದ್ರ ಸುರು ಮಾಡ್ರಿ. ಆ ಎರಡು ಅಂಕಿ ಇಲ್ಲಿ ಹಾಕ್ರಿ, ಎಷ್ಟು ತಾಡಪತ್ರಿ, ಎಷ್ಟು ಚೀಲ ಬೇಕು ಅಂತ ಕೂಡಿ ಲೆಕ್ಕ ಮಾಡೋಣು. ಹಣ್ಣು ಬಿದ್ದ ಮ್ಯಾಲ ಒಡದ ಬೀಜದ ಫೋಟೋನೂ ಹಾಕ್ರಿ, ತಿರುಳಿನ ಬಣ್ಣ ನೋಡಿ ಹೇಳ್ತೀನಿ.